ಹೊಲಿಗೆ ಟೀಚರ್ ಹೇಳಿದ ಅರ್ಥ

ಮೊನ್ನೆ ಕೆಳಗಿನ ಮನೆಯ ಹುಡುಗಿ ತನ್ನ ಅತ್ತೆಯ ಕಾಲದ ಹೊಲಿಗೆ ಮೆಷಿನನ್ನು ಜಗಲಿಗೆ ತಂದಿಟ್ಟು ಎಣ್ಣೆ ಬಿಡುತ್ತಿದ್ದಳು. ಔಷಧಿ ತರಲೆಂದು ಮೆಟ್ಟಿಲಿಳಿಯುತ್ತಿದ್ದ ನಾನು ಆ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ಮೆಷಿನ್ ಎಣ್ಣೆ, ತುಕ್ಕು, ಹಳೆಯ ಬಟ್ಟೆಯ ನಾರು, ಎಲ್ಲ ಕಲಸಿದಂಥ ವಾಸನೆ. ಒಳಗೆ ಟಿ.ವಿ. ತನ್ನಷ್ಟಕ್ಕೆ ಅರಚುತ್ತಿತ್ತು. ಯಾವುದೋ ಊರಿನಲ್ಲಿ ನಡೆದ ಕೊಲೆಯ ಕಥೆಯನ್ನು ನಟನಟಿಯರಿಂದ ಮಾಡಿಸಿ ತೋರಿಸುತ್ತಿದ್ದರು. ಒಬ್ಬ ಹೆಂಗಸು ಕಿಟಕಿಯ ಪರದೆ ಎಳೆದಳು, ಅಷ್ಟೆ. ಕೂಡಲೇ ನಿರೂಪಕ, "ಗಮನಿಸಿ, ಆಕೆಯ ಕಣ್ಣಲ್ಲಿ ಒಂದು ಹನಿ ನೀರಿಲ್ಲ!" ಎಂದ.

ನನಗೆ ರೇಗಿಹೋಯಿತು. "ಆ ಕರ್ಮವನ್ನು ಒಮ್ಮೆ ಬಂದ್ ಮಾಡು ಮಾರಾಯ್ತಿ" ಎಂದೆ. ಹುಡುಗಿ ಬೆಪ್ಪಾಗಿ ನನ್ನ ಮುಖ ನೋಡಿದಳು. ವಿದ್ಯಾನಗರದ ಈ ಕಟ್ಟಡದಲ್ಲಿ ನನಗೆ ಸಿಡುಕಿನ ಟೀಚರಜ್ಜಿ ಎಂಬ ಹೆಸರು ಮೊದಲೇ ಇದೆ. ಇರಲಿ. ಯಾಕೆ ರೇಗಿತು ಎಂದು ಆ ಮಗುವಿಗೆ ಮೆಟ್ಟಿಲ ಮೇಲೆ ನಿಂತು ಹೇಳುವುದಾದರೂ ಹೇಗೆ...

ನಾನು ಪೆರ್ಲದ ಕಡೆಯವಳು. ಕಾಸರಗೋಡು ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಟ್ರೈನಿಂಗ್ ಮುಗಿಸಿ ಪೇಟೆಯ ಒಂದು ಹುಡುಗಿಯರ ಶಾಲೆಗೆ ಟೀಚರಾಗಿ ಬಂದೆ. ಒಂಟಿ ಹೆಣ್ಣಿಗೆ ಮನೆ ಯಾರು ಕೊಡುತ್ತಾರೆ? ನಮ್ಮ ಶಾಲೆಯ ಹೊಲಿಗೆ ಟೀಚರೇ ತಮ್ಮ ಬಾಡಿಗೆ ಮನೆಯ ಹೊರಗಿನ ಕೋಣೆಯನ್ನು ಬಿಟ್ಟುಕೊಟ್ಟರು. ಹಂಚಿನ ಮನೆ. ಅಂಗಳದಲ್ಲಿ ಬಾವಿ, ಆಚೆಮನೆಗೂ ಅದೇ ಬಾವಿ. ಒಳಕೋಣೆಯ ಕಿಟಕಿಯ ಪಕ್ಕ ಅವರ ಹೊಲಿಗೆ ಮೆಷಿನ್.

ಅವರಿಗೆ ಆಗ ಮೂವತ್ತೈದರ ಆಸುಪಾಸು. ತೆಳ್ಳಗೆ, ಎತ್ತರಕ್ಕೆ ಇದ್ದರು. ಮಾತು ಕಡಿಮೆ. ಹಣೆಯಲ್ಲಿ ಕಾಸಗಲದ ಕುಂಕುಮ, ಕತ್ತಿನಲ್ಲಿ ಕರಿಮಣಿ. ಅವರ ಗಂಡ ಮರದ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದವರು, ಕೆಲವು ವರ್ಷಗಳ ಹಿಂದೆ ಒಂದು ದಿನ ಮನೆಯಿಂದ ಹೋದವರು ಮತ್ತೆ ಬರಲಿಲ್ಲವಂತೆ. ಬೊಂಬಾಯಿಗೆ ಹೋದರು ಎಂದು ಕೆಲವರು, ಸಿಲೋನಿಗೆ ಎಂದು ಕೆಲವರು. ಪೊಲೀಸರು ಒಮ್ಮೆ ಬಂದು ಕೇಳಿ ಹೋದರಂತೆ. ಊರವರು ಸ್ವಲ್ಪ ಸಮಯ ಅಯ್ಯೋ ಪಾಪ ಎಂದು, ಮತ್ತೆ ಮರೆತರು. ನಾನೂ ಕೆದಕಲಿಲ್ಲ. ಸಂಜೆ ಇಬ್ಬರೂ ಎದುರುಬದುರು ಕೂತು ಉಣ್ಣುತ್ತಿದ್ದೆವು. ನಾನು ಶಾಲೆಯ ಸುದ್ದಿಯೆಲ್ಲ ಬಡಬಡ ಹೇಳುವುದು, ಅವರು "ಹೌದಾ?" ಎನ್ನುವುದು. ಕೆಲವು ದಿನ ಅದೂ ಇಲ್ಲ.

ಬೇಸಗೆಯಲ್ಲಿ ಗದ್ದೆ ಕೊಯಿಲು ಮುಗಿದ ಮೇಲೆ ಪೇಟೆಯ ಹೊರಗೆ ಸಿನಿಮಾದ ಟೆಂಟು ಬರುತ್ತಿತ್ತು. ಬರುವುದೆಲ್ಲ ತಮಿಳು, ಹಿಂದಿ. ನಮ್ಮ ಊರಿನವರಿಗೆ ಮನೆಯಲ್ಲಿ ತುಳುವೋ ಬ್ಯಾರಿಯೋ ಮಲಯಾಳವೋ, ಶಾಲೆಯಲ್ಲಿ ಕನ್ನಡ. ಹಿಂದಿಯನ್ನೂ ತಮಿಳನ್ನೂ ಕಟ್ಟಿಕೊಂಡು ಏನು ಮಾಡುವುದು? ಅದಕ್ಕೆ ಟೆಂಟಿನವರು ಒಬ್ಬರನ್ನು ಗೊತ್ತು ಮಾಡಿದ್ದರು. ಪರದೆಯ ಪಕ್ಕ ಒಂದು ಮೇಜಿನ ಮೇಲೆ ನಿಂತು, ನಡೆಯುತ್ತಿರುವುದನ್ನೆಲ್ಲ ಅವರು ಕನ್ನಡದಲ್ಲಿ, ನಡುನಡುವೆ ತುಳುವಿನಲ್ಲಿ ಹೇಳಬೇಕು. ಹಗಲು ಅವರು ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದರು. ಆದರೆ ಊರಿಗೆಲ್ಲ ಅವರು ಹೆಸರಾದದ್ದು ತಾಳಮದ್ದಳೆಯ ಅರ್ಥಧಾರಿ ಎಂದು. ತಾಳಮದ್ದಳೆಯಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿ ಕೂತಲ್ಲಿಂದಲೇ ಕರ್ಣನೋ ಕೌರವನೋ ಆಗಿ ಆ ಪದ್ಯದ ಅರ್ಥವನ್ನು ತನ್ನ ಮಾತಿನಲ್ಲಿ ಬೆಳೆಸುತ್ತಾನೆ. ನಮ್ಮ ಅರ್ಥಧಾರಿಗಳ ಬಾಯಲ್ಲಿ ಪದ್ಯದ ಎರಡು ಸಾಲು ಅರ್ಧ ಗಂಟೆಯ ಮಾತಾಗುತ್ತಿತ್ತು. ಅಂಥವರನ್ನು ತಂದು ಟೆಂಟಿನಲ್ಲಿ ನಿಲ್ಲಿಸಿದರೆ ಸುಮ್ಮನಿರುತ್ತಾರೆಯೇ?

ಆ ವರ್ಷ ಬಂದದ್ದು ಒಂದು ತಮಿಳು ಸಿನಿಮಾ. "ನಿಜವಾಗಿ ನಡೆದ ಕೊಲೆ!" ಎಂದು ಎತ್ತಿನ ಗಾಡಿಯಲ್ಲಿ ಡೋಲು ಬಡಿದುಕೊಂಡು ಹೋದರು. ನಾನೂ ಆಚೆಮನೆಯ ಅಮ್ಮನೂ ಮೊದಲನೆಯ ಆಟಕ್ಕೆ ಹೋದೆವು. ಹೊಲಿಗೆ ಟೀಚರ್ ಬರಲಿಲ್ಲ, ಹೊಲಿಯಲಿಕ್ಕೆ ರವಕೆಗಳು ಬಾಕಿ ಇವೆ ಎಂದರು.

ಕಥೆ ಇಷ್ಟೆ. ಅಕ್ಕಿ ಮಿಲ್ಲಿನ ಗುಮಾಸ್ತನೊಬ್ಬ ಕೆಲಸಕ್ಕೆ ಹೋದವನು ಕಾಲುವೆಯಲ್ಲಿ ಹೆಣವಾಗಿ ಸಿಗುತ್ತಾನೆ. ಹೆಂಡತಿಯ ಮೇಲೆ ಸಂಶಯ. ಸಾಕ್ಷಿ ಸಾಲದೆಂದು ಕೊನೆಗೆ ಕೋರ್ಟು ಅವಳನ್ನು ಬಿಡುತ್ತದೆ. ಮಾಡಿದವರು ಯಾರೆಂದು ಸಿನಿಮಾ ಹೇಳುವುದೇ ಇಲ್ಲ. ಆದರೆ ನಡುವೆ ಒಂದು ದೃಶ್ಯ ಇತ್ತು. ಹೆಣ ಸಿಗುವುದಕ್ಕಿಂತ ಮೊದಲಿನ ಮುಸ್ಸಂಜೆ. ಆ ಹೆಂಗಸು ಅಡಿಗೆಮನೆಗೆ ಬರುತ್ತಾಳೆ. ಗೋಡೆಯ ಹಲಗೆಯಿಂದ ಊಟದ ಎರಡು ಬಟ್ಟಲು ತೆಗೆಯುತ್ತಾಳೆ. ಬಾಗಿಲ ಕಡೆ ಒಮ್ಮೆ ನೋಡುತ್ತಾಳೆ. ಒಂದು ಬಟ್ಟಲನ್ನು ಮತ್ತೆ ಹಲಗೆಯ ಮೇಲೆ ಇಡುತ್ತಾಳೆ. ಇನ್ನೊಂದರಲ್ಲಿ ತನಗೆ ಬಡಿಸಿಕೊಂಡು, ಗೋಡೆಗೆ ಮುಖ ಮಾಡಿ ಕೂತು ಉಣ್ಣುತ್ತಾಳೆ. ಮಾತಿಲ್ಲ, ಹಾಡಿಲ್ಲ. ಹೊರಗೆ ಎಲ್ಲೋ ಗಾಡಿಯ ಗಾಲಿಯ ಸದ್ದು ಮಾತ್ರ. ನೋಡುವವರಿಗೆ ಮೈ ಜುಮ್ ಎನ್ನಬೇಕು, ಹಾಗೆ ತೆಗೆದಿದ್ದರು. ಅವಳಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲವೇ? ಆ ಮುಖದಲ್ಲಿ ಏನೆಂದರೆ ಏನೂ ತಿಳಿಯುತ್ತಿರಲಿಲ್ಲ.

ಆ ಮೌನ ನಮ್ಮ ಅರ್ಥಧಾರಿಗಳಿಗೆ ತಡೆಯಲಿಲ್ಲ. ಮೇಜಿನ ಮೇಲಿಂದ ಆ ಹೆಂಗಸೇ ತಾನಾಗಿ ಶುರುಮಾಡಿದರು.

"ಎಲೈ ಬಟ್ಟಲೇ! ನೀನು ಮೇಲೆಯೇ ಇರು. ನಿನ್ನಲ್ಲಿ ಉಣ್ಣುವವನು ಇನ್ನು ಈ ಹೊಸ್ತಿಲನ್ನು ದಾಟಲಾರ. ಹೇಗೆ ಬಲ್ಲೆ ಎನ್ನುವೆಯಾ? ನಾನಲ್ಲದೆ ಬಲ್ಲವರು ಮತ್ತಾರು!"

ಟೆಂಟಿಗೆ ಟೆಂಟೇ "ಹೋ" ಎಂದಿತು. ಸಿನಿಮಾದ ಹೆಂಗಸು ತುಟಿ ಬಿಚ್ಚಿರಲಿಲ್ಲ. ಆದರೆ ನಮ್ಮ ಊರಿನವರ ಕಿವಿಗೆ ಅವಳೇ ತಪ್ಪೊಪ್ಪಿಕೊಂಡ ಹಾಗಾಗಿತ್ತು. ಅರ್ಥಧಾರಿಯ ಬಾಯಲ್ಲಿ ಬಂದದ್ದು ಪಾತ್ರದ ಮಾತೇ ಎಂದು ಕೇಳುವುದು ನಮಗೆ ಹುಟ್ಟಿನಿಂದ ಬಂದ ಅಭ್ಯಾಸವಲ್ಲವೇ. ಪಕ್ಕದಲ್ಲಿದ್ದ ಆಚೆಮನೆಯ ಅಮ್ಮ ನನ್ನ ತೋಳು ಹಿಡಿದುಕೊಂಡರು. ಹೆದರಿದ್ದಾರೆ ಎಂದು ಕಂಡಿತು ನನಗೆ.

ಮಾರನೆಯ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಗೊತ್ತಾಯಿತು. ಅಮ್ಮ ನನ್ನನ್ನು ಕರೆದು, ಸ್ವರ ತಗ್ಗಿಸಿ ಹೇಳಿದರು. "ಇವರ ಯಜಮಾನರು ಹೋದ ದಿನ ಉಂಟಲ್ಲ ಟೀಚರೇ, ಆ ಸಂಜೆ ನಾನು ಮಜ್ಜಿಗೆ ಕೇಳ್ಲಿಕ್ಕೆ ಬಂದಿದ್ದೆ. ಇವರು ಒಬ್ಬರೇ ಕೂತು ಉಣ್ತಾ ಇದ್ರು. ಒಂದೇ ಬಟ್ಟಲು. ಯಜಮಾನರು ಬರ್ಲಿಲ್ವಾ ಕೇಳಿದ್ರೆ, 'ಅವರು ಬರುದಿಲ್ಲ' ಹೇಳಿದ್ರು. ಬರುದಿಲ್ಲ ಅಂತ ಅವತ್ತೇ ಇವರಿಗೆ ಹೇಗೆ ಗೊತ್ತು?"

"ಎಂತ ಮಾತು ಅಂತ ಆಡ್ತೀರಿ ನೀವು! ಅದು ಸಿನಿಮಾ" ಎಂದು ನಾನು ಗದರಿದೆ. ಅಮ್ಮ ಕೆಟ್ಟವರಲ್ಲ. ಇಷ್ಟು ವರ್ಷ ಆ ಸಂಜೆಯನ್ನು ಅವರು ಕನಿಕರದಿಂದಲೇ ನೆನೆಸಿಕೊಂಡಿದ್ದವರು. ಸಿನಿಮಾ ನೋಡಿದ ಮೇಲೆ ಅದೇ ನೆನಪು ಬೇರೆ ಬಣ್ಣ ಕಟ್ಟಿಕೊಂಡಿತು, ಅಷ್ಟೆ. ಆದರೆ ನಾನು ಗದರಿದರೆ ಬಾಯಿ ನಿಲ್ಲುತ್ತದೆಯೇ? ವಾರ ಕಳೆಯುವುದರೊಳಗೆ ಮಾತು ಪೇಟೆಯಾಚೆಯ ನಾಯ್ಮಾರ್ಮೂಲೆಯವರೆಗೆ ಹೋಗಿ ಅಲ್ಲಿಂದ ಕೈಕಾಲು ಬೆಳೆಸಿಕೊಂಡು ತಿರುಗಿ ಬಂತು. ಆಚೆಮನೆಯವರು ನಮ್ಮ ಬಾವಿಯ ನೀರು ಸೇದುವುದನ್ನು ಬಿಟ್ಟರು. ಬಾವಿಯ ಕೆಸರು ತೆಗೆಸಿ ನೋಡಬೇಕು ಎಂದು ಯಾರೋ ಹೇಳಿದರಂತೆ. ಹೊಲಿಗೆ ತರಗತಿಗೆ ಮಕ್ಕಳು ಬಟ್ಟೆ ತರುವುದನ್ನು ನಿಲ್ಲಿಸಿದರು. ಕತ್ತರಿ ಹಿಡಿದ ಟೀಚರನ್ನು ಕಂಡು ಒಂದು ಸಣ್ಣ ಹುಡುಗಿ ಅತ್ತೇಬಿಟ್ಟಳು. ನಾನು ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡೆ. ಟೀಚರ್ ಕತ್ತರಿಯನ್ನು ಮೆಲ್ಲನೆ ಮೇಜಿನೊಳಗೆ ಇಟ್ಟು, ಇವತ್ತು ಕೈಹೊಲಿಗೆ ಮಾತ್ರ ಎಂದರು.

ಹೆಡ್‌ಮಿಸ್ಟ್ರೆಸ್ ಒಂದು ದಿನ ಅವರನ್ನು ಕರೆಸಿದರು. ಜನರ ಬಾಯಿ ಮುಚ್ಚದಿದ್ದರೆ ರಜೆ ಕಳೆದ ಮೇಲೆ ನಿಮ್ಮನ್ನು ಇಟ್ಟುಕೊಳ್ಳುವುದು ಕಷ್ಟ ಎಂದರಂತೆ. ಹೊಲಿಗೆ ಟೀಚರಿಗೆ ತವರಿಲ್ಲ, ಮಕ್ಕಳಿಲ್ಲ. ಈ ಕೆಲಸ ಹೋದರೆ ಯಾರದೋ ಮನೆಯ ಅಡಿಗೆಗೆ ನಿಲ್ಲಬೇಕು, ಅದಕ್ಕೂ ಕೊಲೆಯ ಹೆಸರು ಹೊತ್ತವಳನ್ನು ಯಾರು ಒಳಗೆ ಬಿಡುತ್ತಾರೆ? ಆ ಸಂಜೆ ಅವರು ಹೆಡ್‌ಮಿಸ್ಟ್ರೆಸ್ ಹೇಳಿದ್ದನ್ನು ನನಗೆ ಹೇಳಿ, ಮತ್ತೆ ಮೆಷಿನ್ ತುಳಿಯಲು ಕೂತರು. ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸಮಾಧಾನವಾಗುತ್ತಿತ್ತು.

ನೆಟ್ಟಗೆ ಜವಳಿ ಅಂಗಡಿಗೆ ಹೋದೆ.

"ಆ ಹೆಂಗಸು ಸಿನಿಮಾದಲ್ಲಿ ಬಾಯಿ ಬಿಟ್ಟದ್ದು ಉಂಟಾ? ನೀವು ಯಾಕೆ ಅವಳ ಬಾಯಲ್ಲಿ ಕೊಲೆ ಹಾಕಿದ್ದು?" ಎಂದು ಕೇಳಿದೆ.

ಅರ್ಥಧಾರಿಗಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟರು. ಮೇಜು ಬಿಟ್ಟು ಕೆಳಗಿಳಿದರೆ ಅವರು ಸಾಧು ಮನುಷ್ಯ. "ಇಲ್ಲ ಟೀಚರೇ. ಅವಳು ಎಂತದೂ ಹೇಳ್ಲಿಲ್ಲ. ಆದ್ರೆ ಪಾತ್ರ ಬಾಯಿ ಮುಚ್ಚಿ ಕೂತ್ರೆ ಅರ್ಥ ಹೇಳುವವನೂ ಬಾಯಿ ಮುಚ್ಚಿ ಕೂತ್ಕೊಳ್ಳಿಕ್ಕೆ ಆಗ್ತದಾ? ನನಗೆ ಹಾಗೆ ಕಂಡಿತು, ಹೇಳಿದೆ. ಅದು ಈ ಊರಿನ ಒಬ್ಬರ ತಲೆ ಮೇಲೆ ಬೀಳ್ತದೆ ಅಂತ ದೇವರಾಣೆಗೂ ಎಣಿಸ್ಲಿಲ್ಲ" ಎಂದರು. ಅಳತೆಗೋಲನ್ನೂ ಬದಿಗಿಟ್ಟು, "ಈಗ ನಾನೇ ಅದು ಸುಳ್ಳು ಅಂದ್ರೆ ಜನ ನಂಬುದಿಲ್ಲ. ಹೆದರಿಸಿದ್ದಾರೆ ಅಂತಾರೆ. ಎದುರು ಅರ್ಥ ಹೇಳುವವರು ಯಾರಾದ್ರೂ ಇದ್ರೆ ಬರ್ಲಿ. ನಾನು ಬಾಯಿ ಮುಚ್ಚಿ ಕೇಳ್ತೇನೆ. ಸೋತೆ ಅಂತಲೂ ಹೇಳ್ತೇನೆ" ಎಂದರು.

ತಾಳಮದ್ದಳೆಯಲ್ಲಿ ಅದು ಕ್ರಮ. ಒಬ್ಬ ಹೇಳಿದ್ದನ್ನು ಎದುರು ಕೂತವನು ಮಾತಿನಲ್ಲೇ ಮುರಿಯಬಹುದು. ಆದರೆ ಎದುರು ಕೂರುವವರೆಲ್ಲ ಗಂಡಸರು. ಮನೆಗೆ ಬಂದು ನಾನು ಇದನ್ನು ಸಿಟ್ಟಿನಲ್ಲೇ ಹೇಳಿದೆ. ಎಂಥ ಉಪಕಾರ ಮಾಡ್ತಾರೆ ನೋಡಿ, ಎದುರು ಅರ್ಥ ಬೇಕಂತೆ ಎಂದು. ಮೆಷಿನ್ ನಿಂತಿತು.

"ಮೊದಲನೆಯ ಆಟ ಎಷ್ಟು ಹೊತ್ತಿಗೆ ಟೀಚರೇ?" ಎಂದು ಕೇಳಿದರು.

ಮರುದಿನ ಇಬ್ಬರೂ ಹೋದೆವು. ಹೆಂಗಸರ ಬದಿಯಲ್ಲಿ ನಾವು ಕೂತಲ್ಲಿಂದ ಎಲ್ಲರೂ ಒತ್ತಿಕೊಂಡು ದೂರ ಸರಿದರು. ಅಷ್ಟು ಜನರ ನಡುವೆ ನಮ್ಮಿಬ್ಬರ ಸುತ್ತ ಬರಿಯ ಹೊಯಿಗೆಯ ನೆಲ. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೆ ಬಂತು. ಅವರು ಪರದೆಯನ್ನೇ ನೋಡುತ್ತಿದ್ದರು. ಆ ಸಿನಿಮಾವನ್ನು ಅವರು ನೋಡುತ್ತಿದ್ದದ್ದು ಅದೇ ಮೊದಲು.

ದೃಶ್ಯ ಬಂತು. ಎರಡು ಬಟ್ಟಲು ಇಳಿಯಿತು. ಒಂದು ಮೇಲೆ ಹೋಯಿತು. ಅರ್ಥಧಾರಿಗಳು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ನನ್ನ ಪಕ್ಕದಿಂದ, ಕತ್ತಲೆಯಲ್ಲಿ, ನಾನು ಎಂದೂ ಕೇಳಿರದ ಗಟ್ಟಿ ಸ್ವರ ಎದ್ದಿತು.

"ಅರ್ಥ ನಾನು ಹೇಳ್ತೇನೆ. ಇವಳಿಗೆ ಎಂತದೂ ಗೊತ್ತಿಲ್ಲ. ಇವಳ ಗಂಡ ಮನೆಯಲ್ಲಿ ಉಣ್ಣದೆ ತುಂಬ ಸಮಯ ಆಯ್ತು. ಅವನಿಗೆ ಬೇರೆ ಮನೆ ಉಂಟು, ಅಲ್ಲಿ ಬಡಿಸುವವಳು ಉಂಟು. ಆದ್ರೂ ಇವಳು ದಿನಾ ಎರಡು ಬಟ್ಟಲು ತೆಗೀತಾಳೆ. ಬಾಗಿಲು ನೋಡ್ತಾಳೆ. ಒಂದನ್ನು ವಾಪಸ್ ಇಡ್ತಾಳೆ. ನೀವು ನೋಡಿದ್ದು ಒಂದು ದಿನ ಮಾತ್ರ. ಇವಳಿಗೆ ಇದು ದಿನಾ ಇದ್ದದ್ದೇ. ಪೊಲೀಸರು ಕೇಳಿದ್ರೆ ಇದನ್ನು ಹೇಳ್ಲಿಕ್ಕೆ ಆಗ್ತದಾ? ಕೊಂದವಳು ಅಂತ ಹೇಳಿಸ್ಕೊಂಡ್ರೂ ಆದೀತು, ಗಂಡನಿಗೆ ನಾನು ಬೇಡದವಳು ಅಂತ ಹೇಳ್ಲಿಕ್ಕೆ ಯಾವ ಹೆಂಗಸಿಗೆ ಬಾಯಿ ಬರ್ತದೆ?"

ಪರದೆಯ ಮೇಲೆ ಆ ಹೆಂಗಸು ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಸತ್ಯ ಹೇಳುತ್ತೇನೆ, ಅದೇ ಮುಖ, ಅದೇ ತುತ್ತು, ಆದರೆ ಈಗ ನೋಡಿದರೆ ಹೆದರಿಕೆಯೇ ಆಗಲಿಲ್ಲ. ಅಳು ಬಂತು. ಹೆಂಗಸರ ಬದಿಯಲ್ಲಿ ಯಾರೋ ಮೂಗು ಸೀಟಿದರು, ಮತ್ತೆ ಇನ್ನೊಬ್ಬರು. ಮೇಜಿನ ಮೇಲಿಂದ ಅರ್ಥಧಾರಿಗಳು ಬಹಳ ಮೆತ್ತಗೆ, "ಕೇಳಿದಿರಲ್ಲ ಮಹನೀಯರೇ. ನಾನು ಹೇಳಿದ್ದು ತಪ್ಪರ್ಥ. ಇದು ಸರಿಯಾದ ಅರ್ಥ. ನಾನು ಸೋತೆ" ಎಂದರು. ಆ ದಿನ ಉಳಿದ ಸಿನಿಮಾಕ್ಕೆ ಅವರು ಅರ್ಥ ಹೇಳಲೇ ಇಲ್ಲ.

ಮರುದಿನ ಬೆಳಗಾಗುವಾಗ ಎಲ್ಲ ಬದಲಾಗಿತ್ತು. ಆಚೆಮನೆಯ ಅಮ್ಮ ತಾವೇ ನೀರು ಸೇದಿ ನಮ್ಮ ಹಂಡೆ ತುಂಬಿಸಿದರು. "ಮೊದಲೇ ಹೇಳ್ಬಾರ್ದಿತ್ತಾ? ನಾವೆಲ್ಲ ಸತ್ತಿದ್ದೆವಾ?" ಎಂದು ಟೀಚರ ಕೈ ಹಿಡಿದು ಅತ್ತರು. ಮತ್ತೆ ಇವರ ಗಂಡನನ್ನು ಬೈಯಲು ಶುರುಮಾಡಿದರು. ಚಂಡಾಲ, ಮನೆಹಾಳ, ಇಂಥ ಚಿನ್ನದಂಥ ಹೆಂಡತಿಯನ್ನು ಬಿಟ್ಟು ಯಾವಳ ಹಿಂದೆ ಹೋದನೋ, ಅವನ ಕೈಗೆ ಹುಳ ಬೀಳಲಿ ಎಂದು. ಟೀಚರ್ ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡರು. ಕೈಗೆ ಹುಳ ಬೀಳಲಿ ಎಂದಾಗ ಮಾತ್ರ, "ಸಾಕಮ್ಮ" ಎಂದರು.

ಅಮ್ಮ ಹೋದ ಮೇಲೆ ಅವರು ಒಳಗೆ ಬಂದು ಬಾಗಿಲು ಹಾಕಿಕೊಂಡರು. ಹೊರಗೆ ಬಿಸಿಲು. ಮೆಷಿನಿನ ಪಕ್ಕ ನೆಲದ ಮೇಲೆ ಕೂತರು.

"ಟೀಚರೇ, ನೀವಾದ್ರೂ ಅವರನ್ನು ಬಯ್ಬೇಡಿ" ಎಂದರು. "ಅವರು ಒಂದು ಹೊತ್ತು ಹೊರಗೆ ಉಂಡವರಲ್ಲ. ನಾನು ಬಡಿಸದೆ ಅನ್ನ ಮುಟ್ಟಿದವರಲ್ಲ."

ನನಗೆ ತಲೆಬುಡ ತಿಳಿಯಲಿಲ್ಲ. ಅವರೇ ಹೇಳಿದರು. ಗಂಡನಿಗೆ ಸ್ನಾನಕ್ಕೆ ನೀರು ಹೊಯ್ಯುವಾಗ ಬೆನ್ನಿನಲ್ಲಿ ಒಂದು ಬಿಳಚಿದ ಕಲೆ ಕಂಡಿತಂತೆ. ಮುಟ್ಟಿದರೆ ಗೊತ್ತಾಗುವುದಿಲ್ಲ ಎಂದರಂತೆ ಅವರು. ಇವರು ಹೊಲಿಗೆಯ ಸೂಜಿ ತಂದು ಮೆಲ್ಲಗೆ ಚುಚ್ಚಿದರು, ಮತ್ತೆ ಸ್ವಲ್ಪ ಜೋರಾಗಿ ಚುಚ್ಚಿದರು. ಅವರು ತಿರುಗಿಯೂ ನೋಡಲಿಲ್ಲ. ಚುಚ್ಚಿದ್ದೇ ಅವರಿಗೆ ಗೊತ್ತಾಗಿರಲಿಲ್ಲ... ಕುಷ್ಠ. ಆ ಕಾಲದಲ್ಲಿ ಆ ಹೆಸರನ್ನು ಬಾಯಿಬಿಟ್ಟು ಹೇಳುವವರೂ ಇರಲಿಲ್ಲ, ಮಹಾರೋಗ ಎನ್ನುತ್ತಿದ್ದರು. ಮನೆಯಲ್ಲಿ ಒಬ್ಬರಿಗೆ ಅದು ಎಂದರೆ ಆ ಮನೆಯವರ ನೆರಳಿಗೂ ಜನ ಹೇಸುವ ಕಾಲ. ಮಕ್ಕಳ ಲಂಗ ಮುಟ್ಟಿ ಹೊಲಿಗೆ ಕಲಿಸುವ ಟೀಚರನ್ನು ಶಾಲೆಯಲ್ಲಿ ಒಂದು ದಿನ ಇಟ್ಟುಕೊಳ್ಳುತ್ತಿದ್ದರೇ?

ನಿನ್ನ ಕೆಲಸ ಉಳಿಯಬೇಕು, ನಾನು ಹೋಗುತ್ತೇನೆ ಎಂದರಂತೆ ಗಂಡ. ದೂರದಲ್ಲಿ ಆ ರೋಗದವರದ್ದೇ ಒಂದು ಆಸ್ಪತ್ರೆ ಇತ್ತು. ಮಧ್ಯಾಹ್ನ ಮನೆಯಲ್ಲಿ ಉಂಡು, ಬರಿಗೈಯಲ್ಲಿ ಡಿಪೋಗೆ ಹೊರಟವರ ಹಾಗೆ ಹೊರಟು, ಮೂರು ಗಂಟೆಯ ರೈಲು ಹತ್ತಿದರು. ಸಂಜೆ ಇವರು ಅಭ್ಯಾಸಬಲದಿಂದ ಎರಡು ಬಟ್ಟಲು ತೆಗೆದು, ಒಂದನ್ನು ವಾಪಸ್ ಇಟ್ಟು ಉಣ್ಣಲು ಕೂತಾಗಲೇ ಆಚೆಮನೆಯ ಅಮ್ಮ ಮಜ್ಜಿಗೆಗೆ ಬಂದದ್ದು.

"ನಿಜ ಹೇಳಿದ್ರೆ ನನ್ನ ಕೆಲಸವೂ ಹೋಗ್ತದೆ, ಅವರು ಬಿಟ್ಟು ಹೋದದ್ದೂ ದಂಡ ಆಗ್ತದೆ" ಎಂದರು. "ಅದಕ್ಕೆ ಹಾಗೆ ಹೇಳಿದೆ. ಅವರು ಕೇಳಿದ್ರೆ ನಗ್ತಿದ್ರು. ಇಷ್ಟು ಮಾತಾಡ್ಲಿಕ್ಕೆ ನಿನಗೆ ಯಾವಾಗ ಬಂತು ಅಂತ."

ಹಾಗೆಂದವರೇ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನಾನು ಪಕ್ಕದಲ್ಲಿ ಕೂತಿದ್ದೆ. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ.

ಕೆಲಸ ಉಳಿಯಿತು. ಊರು ಅವರನ್ನು ಬಹಳ ಕನಿಕರದಿಂದ ನೋಡಿಕೊಂಡಿತು. ಆ ಕನಿಕರವನ್ನು ನೋಡಿ ನನಗೆ ಮೈ ಉರಿಯುತ್ತಿತ್ತು. ಹೋದಲ್ಲೆಲ್ಲ ಯಾರಾದರೂ ಒಬ್ಬರು ಆ ಗಂಡನಿಗೆ ಶಾಪ ಹಾಕುವುದು, ಇವರು ಹೌದೆಂದು ತಲೆಯಾಡಿಸುವುದು. ಪ್ರತಿ ದೊಡ್ಡ ರಜೆಯಲ್ಲಿ ಅಕ್ಕನ ಮನೆಗೆ ಎಂದು ಹೇಳಿ ಅವರು ರೈಲು ಹತ್ತುತ್ತಿದ್ದರು. ಅವರಿಗೆ ಅಕ್ಕ ಇರಲಿಲ್ಲ ಎಂಬುದು ನನಗೊಬ್ಬಳಿಗೇ ಗೊತ್ತು. ಬರುವಾಗ ಸ್ವಲ್ಪ ಸಪೂರವಾಗಿ, ಆದರೆ ಗೆಲುವಾಗಿ ಬರುತ್ತಿದ್ದರು. ಯಜಮಾನರ ಬೆರಳು ಮಡಚುವುದಿಲ್ಲ, ಆದರೂ ನನ್ನ ಜಡೆ ಹೆಣೆಯಲಿಕ್ಕೆ ನೋಡ್ತಾರೆ ಎಂದು ಒಮ್ಮೆ ನಗಾಡಿ ಹೇಳಿದ್ದರು...

ಕಾಸರಗೋಡು ಕೇರಳಕ್ಕೆ ಸೇರಿದ ವರ್ಷವೋ ಅದರ ಮೊದಲಿನದೋ, ಸರಿ ನೆನಪಿಲ್ಲ, ಒಂದು ರಜೆಯಲ್ಲಿ ಅವರು ಹೋದವರು ಬೇಗ ಬಂದರು. ಶಾಲೆ ಶುರುವಾಗುವ ದಿನ ಬೆಳಿಗ್ಗೆ ಕನ್ನಡಿಯ ಮುಂದೆ ನಿಂತಿದ್ದರು. ಕೈಯಲ್ಲಿ ಕುಂಕುಮದ ಕರಡಿಗೆ. ಬಹಳ ಹೊತ್ತಾದರೂ ಕದಲದ್ದನ್ನು ಕಂಡು ನಾನು ಬಾಗಿಲಿಗೆ ಹೋದೆ. ಕನ್ನಡಿಯಲ್ಲೇ ನನ್ನನ್ನು ನೋಡಿ, "ಇನ್ನು ಹೋಗ್ಲಿಕ್ಕಿಲ್ಲ ಟೀಚರೇ" ಎಂದರು.

ಮತ್ತೆ ಅವರು ಬೆರಳು ಅದ್ದಿ, ಎಂದಿನಂತೆ ಕಾಸಗಲದ ಕುಂಕುಮ ಇಟ್ಟುಕೊಂಡರು. ಕರಿಮಣಿ ಸರಿಮಾಡಿಕೊಂಡರು. ಗಂಡ ಇನ್ನೊಬ್ಬಳ ಮನೆಯಲ್ಲಿ ಸುಖವಾಗಿದ್ದಾನೆ ಎಂದು ಊರೆಲ್ಲ ನಂಬಿರುವಾಗ, ಅವರು ಯಾವ ಬಾಯಿಯಿಂದ ಸೂತಕ ಹೇಳುವುದು? ದಾರಿಯಲ್ಲಿ ಆಚೆಮನೆಯ ಅಮ್ಮ ಸಿಕ್ಕಿ, "ಅಕ್ಕ ಸೌಖ್ಯವಾ?" ಎಂದು ಕೇಳಿದರು. ಸೌಖ್ಯ ಎಂದರು. ಆ ದಿನ ಅವರು ಸಣ್ಣ ಮಕ್ಕಳಿಗೆ ಸೂಜಿಗೆ ನೂಲು ಪೋಣಿಸುವುದನ್ನು ಕಲಿಸಿದರು.

ಮತ್ತೆ ನನಗೆ ಮದುವೆಯಾಯಿತು, ವರ್ಗವಾಯಿತು, ಎಲ್ಲೆಲ್ಲೋ ಹೋದೆ. ರಿಟೈರಾಗುವವರೆಗೂ ಅವರು ಅದೇ ಶಾಲೆಯಲ್ಲಿದ್ದರು ಎಂದು ಕೇಳಿದ್ದೆ. ಹೋದ ಸುದ್ದಿ ನನಗೆ ಮುಟ್ಟುವಾಗ ಎಲ್ಲ ಮುಗಿದು ತಿಂಗಳುಗಳಾಗಿದ್ದವು. ಹಣೆಯಲ್ಲಿ ಕುಂಕುಮ ಇಟ್ಟೇ ಕಳಿಸಿದೆವು, ಮುತ್ತೈದೆ ಸಾವು, ಆದರೆ ಗಂಡನ ಸುಖ ಕಾಣದ ಜೀವ ಎಂದು ನನಗೆ ಸುದ್ದಿ ಹೇಳಿದವರು ನಿಟ್ಟುಸಿರು ಬಿಟ್ಟರು. ಆಗಲೂ ನಾನು ಬಾಯಿ ಬಿಡಲಿಲ್ಲ, ಅವರಿಗೆ ಕೊಟ್ಟ ಮಾತಿತ್ತು.

ಈಗ ಆಚೆಮನೆಯ ಅಮ್ಮ ಇಲ್ಲ, ಅರ್ಥಧಾರಿಗಳು ಇಲ್ಲ, ಆ ಟೆಂಟಿನಲ್ಲಿ ಕೂತು ಮೂಗು ಸೀಟಿದವರು ಯಾರೂ ಇಲ್ಲ. ಟೆಂಟು ನಿಂತಿದ್ದ ಗದ್ದೆಯಲ್ಲಿ ಬಸ್ಸುಗಳು ತಿರುಗುತ್ತವೆ. ಇನ್ನು ಹೇಳಿದರೆ ಯಾರ ಕೆಲಸವೂ ಹೋಗುವುದಿಲ್ಲ. ಅದಕ್ಕೆ ಹೇಳುತ್ತಿದ್ದೇನೆ. ನಮ್ಮ ಹೊಲಿಗೆ ಟೀಚರನ್ನು ಅವರ ಗಂಡ ಬಹಳ ಪ್ರೀತಿಸುತ್ತಿದ್ದರು. ಇದನ್ನು ಯಾರಿಗೆ ಹೇಳಿ ಒಪ್ಪಿಸಬೇಕಿತ್ತೋ, ಅವರಲ್ಲಿ ಒಬ್ಬರೂ ಉಳಿದಿಲ್ಲ.